ಸಾಕು ಎಂಬುದನ್ನು ಮರೆತ ಕೋಶ



ಇವತ್ತಿನ ಮಾತನ್ನು ಈರುಳ್ಳಿಯಿಂದ ಶುರು ಮಾಡುತ್ತೇನೆ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ, ಮಳೆಗಾಲ ಬಂತೆಂದರೆ ನಮ್ಮ ಪ್ರಯೋಗಾಲಯದ ಕಿಟಕಿ ಕಟ್ಟೆಯ ಮೇಲೆ ಗಾಜಿನ ಲೋಟಗಳು ಸಾಲಾಗಿ ಬಂದು ಕೂರುತ್ತಿದ್ದವು. ಲೋಟದ ತುಂಬ ನೀರು, ಅದರ ಬಾಯಿಗೆ ಒಂದೊಂದು ಈರುಳ್ಳಿ, ಬುಡ ಮಾತ್ರ ನೀರಿಗೆ ತಾಗುವ ಹಾಗೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಬಿಳಿ ದಾರದಂಥ ಬೇರುಗಳು ಇಳಿದಿರುತ್ತಿದ್ದವು. ಬೆಳಿಗ್ಗೆ ಬೇಗ ಬಂದು ಬೇರಿನ ತುದಿಯನ್ನು ಅರ್ಧ ಅಕ್ಕಿಕಾಳಿನಷ್ಟು ಬ್ಲೇಡಿನಿಂದ ಕತ್ತರಿಸಿ, ಔಷಧದಲ್ಲಿ ನೆನೆಸಿ, ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಗಾಜಿನ ಪಟ್ಟಿಯನ್ನು ಒಂದಿಷ್ಟು ಬೆಚ್ಚಗೆ ಮಾಡಿ, ತೆಳುಗಾಜು ಮುಚ್ಚಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಒತ್ತುವುದರಲ್ಲೇ ಇಡೀ ಕೈಚಳಕ. ಹೆಚ್ಚಾದರೆ ಗಾಜು ಒಡೆಯುತ್ತದೆ, ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಗುಡ್ಡೆಯಾಗಿ ಏನೂ ಕಾಣಿಸುವುದಿಲ್ಲ.

ಸರಿಯಾಗಿ ಒತ್ತಿದ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಇಟ್ಟಿಗೆ ಜೋಡಿಸಿದಂತೆ ಸಾಲುಸಾಲು ಕೋಶಗಳು. ಹೆಚ್ಚಿನವುಗಳ ನಡುವೆ ಒಂದು ದುಂಡನೆಯ ಕೆಂಪು ಬೊಟ್ಟು, ಅಷ್ಟೇ. ಹುಡುಕುತ್ತ ಹೋದರೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಆ ಬೊಟ್ಟು ಬಿಚ್ಚಿಕೊಂಡು ದಪ್ಪ ಎಳೆಗಳಾಗಿರುತ್ತದೆ. ಕೆಲವು ಕಡೆ ಎಳೆಗಳು ನಡುವೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಕೆಲವು ಕಡೆ ಎರಡು ಪಾಲಾಗಿ ಎರಡು ದಿಕ್ಕಿಗೆ ಸರಿಯುತ್ತಿರುತ್ತವೆ. ಒಂದು ಕೋಶ ಎರಡಾಗುವ ಹೊತ್ತು ಅದು. ನೂರು ಕೋಶ ಎಣಿಸಿದರೆ ಹೀಗೆ ಒಡೆಯುತ್ತಿರುವುದು ಹತ್ತು ಸಿಕ್ಕರೆ ಹೆಚ್ಚು. ಒಂದು ಸಲ ಒಬ್ಬ ಹುಡುಗಿ ಕಣ್ಣು ತೆಗೆಯದೆ ಕೇಳಿದಳು: "ಮೇಡಂ, ಉಳಿದವೆಲ್ಲ ಯಾಕೆ ಸುಮ್ಮನೆ ಕೂತಿವೆ?"

ಹಳೆಯ ಪಠ್ಯಪುಸ್ತಕಗಳು ಅದನ್ನು ವಿಶ್ರಾಂತಿಯ ಹಂತ ಎಂದೇ ಕರೆದಿದ್ದವು. ಆ ಹೆಸರು ಶುದ್ಧ ತಪ್ಪು. ಸುಮ್ಮನೆ ಕೂತಂತೆ ಕಾಣುವ ಆ ಕೋಶಗಳು ಬೆಳೆಯುತ್ತಿರುತ್ತವೆ, ತಮ್ಮ ಡಿಎನ್ಎಯನ್ನು ನಕಲು ಮಾಡುತ್ತಿರುತ್ತವೆ, ನಕಲು ಸರಿಯಾಗಿದೆಯೇ ಎಂದು ತಡಕಾಡುತ್ತಿರುತ್ತವೆ, ಒಡೆಯಲು ಅಪ್ಪಣೆ ಬಂದಿದೆಯೇ ಎಂದು ಕಾಯುತ್ತಿರುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಕೋಶವೊಂದು ಎರಡಾಗಲು ಸುಮಾರು 24 ಗಂಟೆ ತೆಗೆದುಕೊಂಡರೆ, ಕಣ್ಣಿಗೆ ಕಾಣುವ ಒಡೆತ ಮುಗಿಯುವುದು ಸುಮಾರು ಒಂದು ಗಂಟೆಯಲ್ಲಿ. ಮಿಕ್ಕ 23 ಗಂಟೆ ಸಿದ್ಧತೆ ಮತ್ತು ತಪಾಸಣೆಗೆ. ಕ್ಯಾನ್ಸರ್ ಎಂಬುದು ಏನೆಂದು ಅರ್ಥವಾಗಬೇಕಾದರೆ ಆ ಒಂದು ಗಂಟೆಗಿಂತ ಈ 23 ಗಂಟೆಯನ್ನು ನೋಡಬೇಕು. ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ.

ನಮ್ಮ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ಎಲ್ಲವೂ ಬಂದದ್ದು ಅಮ್ಮನ ಹೊಟ್ಟೆಯಲ್ಲಿ ಫಲಿತವಾದ ಒಂದೇ ಕೋಶದಿಂದ. ದೊಡ್ಡವರಾದ ಮೇಲೂ ಈ ಕೆಲಸ ನಿಲ್ಲುವುದಿಲ್ಲ. ನಾನು ಈ ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ನಿಮ್ಮ ಎಲುಬಿನ ನೆಣದಲ್ಲಿ ಲಕ್ಷಾಂತರ ಹೊಸ ಕೆಂಪು ರಕ್ತಕಣಗಳು ಹುಟ್ಟಿರುತ್ತವೆ, ಸೆಕೆಂಡಿಗೆ 20 ಲಕ್ಷಕ್ಕೆ ಕಡಿಮೆಯಿಲ್ಲ. ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಮಿದುಳಿನ ನರಕೋಶಗಳು ಮಾತ್ರ ಬಹುಪಾಲು ಹುಟ್ಟುವಾಗ ಬಂದವೇ ಕೊನೆಯವರೆಗೆ.

ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡದ್ದು ನಮ್ಮಲ್ಲಿ ಯಾರಿಗೆ ನೆನಪಿಲ್ಲ? ಒಂದು ಚಿಟಿಕೆ ಅರಿಶಿನ ಮೆತ್ತಿ ಮರೆತುಬಿಡುತ್ತೇವೆ. ಗಾಯದ ಎರಡೂ ಅಂಚಿನ ಚರ್ಮಕೋಶಗಳು ಒಡೆದು ಒಡೆದು ಹೆಚ್ಚಿ, ನಡುವಿನ ಜಾಗಕ್ಕೆ ಸರಿದು, ವಾರದೊಳಗೆ ಕೊಯ್ತವನ್ನು ಮುಚ್ಚುತ್ತವೆ. ಮುಚ್ಚಿದ್ದಕ್ಕೆ ನಾವು ಆಶ್ಚರ್ಯಪಡುತ್ತೇವೆ. ನನಗೆ ಹೆಚ್ಚು ಆಶ್ಚರ್ಯ, ಮುಚ್ಚಿದ ಮೇಲೆ ಅವು ನಿಲ್ಲುವುದು. ಈ ಅಂಚಿನ ಕೋಶ ಆ ಅಂಚಿನ ಕೋಶವನ್ನು ಮುಟ್ಟಿದ ಕೂಡಲೇ ಎರಡಕ್ಕೂ ಸಾಕು ಎಂಬುದು ತಿಳಿಯುತ್ತದೆ. ಗಾಯವಿದ್ದಲ್ಲಿ ಕೊಂಬು ಬೆಳೆಯುವುದಿಲ್ಲ.

ಈ ಸಾಕು ಎಂಬ ತಿಳಿವು ಕೋಶದೊಳಗೆ ಎಲ್ಲಿದೆ? ಅದನ್ನು ಹುಡುಕಿದವರು ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯಿಂದ ಹೊರಡಲಿಲ್ಲ. ಬ್ರೆಡ್ಡು ಉಬ್ಬಿಸುವ ಯೀಸ್ಟ್‌ನಿಂದ ಹೊರಟರು. ಅಮೆರಿಕದ ಸಿಯಾಟಲ್‌ನಲ್ಲಿ ಲೀಲೆಂಡ್ ಹಾರ್ಟ್‌ವೆಲ್ ಎಂಬ ವಿಜ್ಞಾನಿ 1970ರ ಸುಮಾರಿಗೆ ಯೀಸ್ಟ್ ಕೋಶಗಳನ್ನು ರಾಸಾಯನಿಕಗಳಿಂದ ಕೆಡಿಸಿ, ಕೆಟ್ಟವುಗಳಲ್ಲಿ ಒಂದು ವಿಶೇಷ ಬಗೆಯವನ್ನು ಆರಿಸಿದರು. ಅವು 23 ಡಿಗ್ರಿ ಬಿಸಿಯಲ್ಲಿ ಚೆನ್ನಾಗಿಯೇ ಬೆಳೆಯುತ್ತಿದ್ದವು, 36 ಡಿಗ್ರಿಗೆ ಏರಿಸಿದರೆ ಒಡೆಯುವ ಕೆಲಸದ ನಡುವೆ ನಿಂತುಬಿಡುತ್ತಿದ್ದವು. ಯೀಸ್ಟ್ ಒಡೆಯುವಾಗ ಅದರ ಮೈಯಿಂದ ಒಂದು ಮೊಗ್ಗು ಹೊರಡುತ್ತದೆ. ಮೊಗ್ಗು ಎಷ್ಟು ದೊಡ್ಡದಾಗಿದೆ ಎಂದು ನೋಡಿದರೆ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದು ಗೊತ್ತಾಗುತ್ತದೆ. ಒಂದು ಬಗೆಯವು ಮೊಗ್ಗೇ ಇಲ್ಲದೆ ನಿಂತವು, ಇನ್ನೊಂದು ಬಗೆಯವು ಸಣ್ಣ ಮೊಗ್ಗಿನಲ್ಲಿ, ಮತ್ತೊಂದು ದೊಡ್ಡ ಮೊಗ್ಗಿನಲ್ಲಿ. ಒಂದೊಂದು ಬಗೆಯಲ್ಲೂ ಒಂದೊಂದು ಜೀನ್ ಕೆಟ್ಟಿತ್ತು. ಹೀಗೆ ಕೋಶ ಒಡೆಯಲು ಬೇಕಾದ ಜೀನ್‌ಗಳ ಪಟ್ಟಿಯೇ ಸಿಕ್ಕಿತು.

ಬ್ರಿಟನ್ನಿನ ಪಾಲ್ ನರ್ಸ್ ಆರಿಸಿಕೊಂಡದ್ದು ಬೇರೊಂದು ಯೀಸ್ಟ್, ಪೂರ್ವ ಆಫ್ರಿಕದ ಸಿರಿಧಾನ್ಯದ ಬಿಯರ್‌ನಿಂದ ಬಂದದ್ದು. ಅದರಲ್ಲಿ ಅವರು ಒಂದು ಮುಖ್ಯ ಜೀನ್ ಕಂಡುಕೊಂಡರು. ಅದು ಕೆಲಸ ಮಾಡದಿದ್ದರೆ ಕೋಶ ಒಡೆಯುವುದೇ ಇಲ್ಲ. 1987ರಲ್ಲಿ ಲಂಡನ್ನಿನಲ್ಲಿ ನರ್ಸ್ ಮತ್ತು ಮೆಲನಿ ಲೀ ಆ ಜೀನ್ ಕೆಟ್ಟ ಯೀಸ್ಟ್‌ಗೆ ಮನುಷ್ಯರ ಡಿಎನ್ಎ ತುಣುಕುಗಳನ್ನು ಸೇರಿಸಿ ನೋಡಿದರು. ಯಾವುದಾದರೂ ಒಂದು ತುಣುಕು ಯೀಸ್ಟನ್ನು ಬದುಕಿಸೀತೇ ಎಂಬ ಆಸೆ. ಬದುಕಿಸಿತು. ನೂರು ಕೋಟಿ ವರ್ಷದಷ್ಟು ಹಿಂದೆ ನಮ್ಮಿಂದ ಬೇರೆಯಾದ ಒಂದು ಜೀವಿಯಲ್ಲಿ ಮನುಷ್ಯನ ಜೀನ್ ಹೋಗಿ ಕೂತು ತನ್ನ ಮನೆಯೆಂಬಂತೆ ಕೆಲಸ ಮಾಡಿತು. ಇಷ್ಟು ಕಾಲ ಪ್ರಕೃತಿ ಅದನ್ನು ಬದಲಿಸದೆ ಇಟ್ಟುಕೊಂಡಿದೆ ಎಂದರೆ, ಅದು ಎಷ್ಟು ಬೆಲೆಬಾಳುವ ವ್ಯವಸ್ಥೆ ಇರಬೇಕು ನೋಡಿ.

ಆ ಜೀನ್ ತಯಾರಿಸುವ ಪ್ರೊಟೀನು ಕೋಶದಲ್ಲಿ ಸದಾ ಇರುತ್ತದೆ, ಆದರೆ ಸದಾ ಕೆಲಸ ಮಾಡುವುದಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಸಮುದ್ರದಿಂದ ಬಂತು. 1982ರ ಬೇಸಿಗೆಯಲ್ಲಿ ಟಿಮ್ ಹಂಟ್ ಎಂಬುವರು ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲ ತೀರದ ಸಂಸ್ಥೆಯಲ್ಲಿ ಕಡಲ ಚಿಳ್ಳೆಯ, ಅಂದರೆ ಮೈಮೇಲೆಲ್ಲ ಮುಳ್ಳಿರುವ ಒಂದು ಸಣ್ಣ ಪ್ರಾಣಿಯ, ಮೊಟ್ಟೆಗಳನ್ನು ನೋಡುತ್ತಿದ್ದರು. ಫಲಿತ ಮೊಟ್ಟೆಯಲ್ಲಿ ಎಲ್ಲ ಪ್ರೊಟೀನುಗಳೂ ಹೆಚ್ಚುತ್ತ ಹೋದರೆ, ಒಂದು ಮಾತ್ರ ಹೆಚ್ಚಿ, ಕೋಶ ಒಡೆಯುವ ಹೊತ್ತಿಗೆ ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು. ಮುಂದಿನ ಒಡೆತದ ಮೊದಲು ಮತ್ತೆ ಹುಟ್ಟುತ್ತಿತ್ತು, ಮತ್ತೆ ಮಾಯ. ಅದಕ್ಕೆ ಸೈಕ್ಲಿನ್ ಎಂದು ಹೆಸರಿಟ್ಟರು. ಮನೆ ಕಟ್ಟುವ ಜಾಗವನ್ನು ನೆನಪು ಮಾಡಿಕೊಳ್ಳಿ. ಕೆಲಸಗಾರರು ಅಲ್ಲೇ ಇರುತ್ತಾರೆ, ಮೇಸ್ತ್ರಿ ಬಂದು ಇಂಥ ಕೆಲಸ ಎಂದು ತೋರಿಸಿದ ಮೇಲೆ ಗಾರೆ ಕಲಸುತ್ತಾರೆ. ಸೈಕ್ಲಿನ್ ಆ ಮೇಸ್ತ್ರಿ. ಡಿಎನ್ಎ ನಕಲು ಮಾಡಿಸಲು ಒಬ್ಬ, ಕೋಶ ಒಡೆಸಲು ಇನ್ನೊಬ್ಬ. ಕೆಲಸ ಆದ ಕೂಡಲೇ ಕೋಶವೇ ಆ ಮೇಸ್ತ್ರಿಯನ್ನು ಕಳಿಸಿಬಿಡುತ್ತದೆ, ಅಂದರೆ ಆ ಪ್ರೊಟೀನನ್ನು ಚೂರು ಮಾಡಿಬಿಡುತ್ತದೆ. ಹಾರ್ಟ್‌ವೆಲ್, ನರ್ಸ್, ಹಂಟ್ ಮೂವರಿಗೂ 2001ರ ನೊಬೆಲ್ ಬಹುಮಾನ ಬಂತು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವ ಪ್ರಯೋಗ ಇನ್ನೊಂದಿದೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಹಾರ್ಟ್‌ವೆಲ್ ಮತ್ತು ಅವರ ಜೊತೆಗಿದ್ದ ಟೆಡ್ ವೈನರ್ಟ್ ಯೀಸ್ಟ್ ಕೋಶಗಳ ಮೇಲೆ ಕ್ಷಕಿರಣ ಹಾಯಿಸಿದರು. ಕ್ಷಕಿರಣ ಡಿಎನ್ಎಯನ್ನು ಮುರಿಯುತ್ತದೆ. ಆರೋಗ್ಯವಾಗಿದ್ದ ಯೀಸ್ಟ್ ಕೋಶಗಳು ಪೆಟ್ಟು ಬಿದ್ದ ಮೇಲೆ ಒಡೆಯುವುದನ್ನು ನಿಲ್ಲಿಸಿ, ಮುರಿದದ್ದನ್ನು ಜೋಡಿಸಿಕೊಂಡು, ಆಮೇಲೆ ಮುಂದುವರಿದವು. ಒಂದು ಬಗೆಯ ಕೆಟ್ಟ ಯೀಸ್ಟ್ ಮಾತ್ರ ನಿಲ್ಲಲಿಲ್ಲ. ಮುರಿದ ಡಿಎನ್ಎ ಇಟ್ಟುಕೊಂಡೇ ಒಡೆಯಿತು, ಸತ್ತಿತು. ಅದಕ್ಕೆ ರಿಪೇರಿ ಮಾಡಲು ಬರುವುದಿಲ್ಲವೇ ಎಂಬ ಪ್ರಶ್ನೆ ಬಂತು. ಅವರು ಮಾಡಿದ್ದು ಇಷ್ಟು: ಒಂದು ಔಷಧ ಹಾಕಿ ಆ ಕೋಶಗಳನ್ನು ಬಲವಂತವಾಗಿ ಕೆಲವು ಗಂಟೆ ತಡೆದು ನಿಲ್ಲಿಸಿದರು. ಆಮೇಲೆ ಬಿಟ್ಟರು. ಬಹಳಷ್ಟು ಬದುಕಿದವು. ರಿಪೇರಿ ಮಾಡುವ ಸಾಮಾನು, ಕೈ, ವಿದ್ಯೆ ಎಲ್ಲ ಅವುಗಳ ಹತ್ತಿರ ಇತ್ತು. ಇಲ್ಲದಿದ್ದದ್ದು ಕಾಯುವ ವ್ಯವಧಾನ. 1988ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಮಕ್ಕಳು ಗದ್ದಲ ಮಾಡದೆ ಕೇಳುತ್ತಿದ್ದರು.

ಕಾಯಿಸುವ ಈ ವ್ಯವಸ್ಥೆಗೆ ವಿಜ್ಞಾನಿಗಳು ತಪಾಸಣೆ ಗೇಟು ಎಂಬ ಅರ್ಥದ ಹೆಸರಿಟ್ಟಿದ್ದಾರೆ. ನಮ್ಮ ಕೋಶಗಳಲ್ಲೂ ಇಂಥ ಗೇಟುಗಳಿವೆ. ಡಿಎನ್ಎ ನಕಲು ಶುರುವಾಗುವ ಮೊದಲು ಒಂದು: ಹೊರಗಿನಿಂದ ಬೆಳೆ ಎಂಬ ಸಂದೇಶ ಬಂದಿದೆಯೇ, ಆಹಾರ ಸಾಕಷ್ಟಿದೆಯೇ, ಡಿಎನ್ಎ ಎಲ್ಲಾದರೂ ಮುರಿದಿದೆಯೇ? ನಕಲು ಮುಗಿದ ಮೇಲೆ ಇನ್ನೊಂದು. ಪ್ರತಿ ಕೋಶದಲ್ಲೂ ಎಳೆದು ನಿಲ್ಲಿಸಿದರೆ ಎರಡು ಮೀಟರ್ ಉದ್ದವಾಗುವ ಡಿಎನ್ಎ ಇದೆ, ಅದರಲ್ಲಿ ಸುಮಾರು 600 ಕೋಟಿ ಅಕ್ಷರಗಳು. ಅಷ್ಟನ್ನೂ ನಕಲು ಮಾಡಿ ಮತ್ತೆ ಓದಿ ನೋಡಬೇಕು. ಮೂರನೆಯದು ಒಡೆತದ ಆ ಗಂಟೆಯೊಳಗೇ ಇದೆ: 46 ವರ್ಣತಂತುಗಳೂ, ಅಂದರೆ ಸೂಕ್ಷ್ಮದರ್ಶಕದಲ್ಲಿ ಕಂಡಂಥ ಆ ದಪ್ಪ ಎಳೆಗಳೂ, ಅವನ್ನು ಎರಡು ದಿಕ್ಕಿಗೆ ಸೆಳೆಯುವ ಕದಿರಿನ ಎಳೆಗಳಿಗೆ ಎರಡೂ ಕಡೆಯಿಂದ ಸರಿಯಾಗಿ ಸಿಕ್ಕಿಕೊಂಡಿವೆಯೇ? ಒಂದೇ ಒಂದು ಸಿಕ್ಕಿಕೊಳ್ಳದಿದ್ದರೂ ಉಳಿದ 45 ಕಾಯುತ್ತವೆ.

ಗೇಟಿದ್ದ ಮೇಲೆ ಕಾವಲುಗಾರರೂ ಇರಬೇಕಲ್ಲ. ಇಬ್ಬರ ಹೆಸರು ನೀವು ನೆನಪಿಟ್ಟುಕೊಂಡರೆ ಸಾಕು. ಒಬ್ಬ ಪಿ-53, ಇನ್ನೊಬ್ಬ ಆರ್‌ಬಿ. ಎರಡೂ ಪ್ರೊಟೀನುಗಳೇ.

ಪಿ-53 ಕಂಡದ್ದು 1979ರಲ್ಲಿ. ಡಿಎನ್ಎಗೆ ಪೆಟ್ಟು ಬಿದ್ದರೆ ಇದು ಹೆಚ್ಚುತ್ತದೆ, ಮೊದಲು ನಿಲ್ಲು ಎನ್ನುತ್ತದೆ. ಪೆಟ್ಟು ಸರಿಪಡಿಸುವಂಥದ್ದಾದರೆ ರಿಪೇರಿ ಆಗಲು ಬಿಡುತ್ತದೆ. ಆಗದಷ್ಟು ಕೆಟ್ಟಿದ್ದರೆ ಆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವುದೆಂದರೆ ಕೇಳಲು ಕಠೋರ. ಆದರೆ ನಮ್ಮ ಬೆರಳುಗಳು ಬಿಡಿಬಿಡಿಯಾಗಿರುವುದೇ ಹೀಗೆ. ಗರ್ಭದಲ್ಲಿ ಕೈ ಮೊದಲು ಬಾತುಕೋಳಿಯ ಪಾದದಂತಿರುತ್ತದೆ, ಬೆರಳಿನ ನಡುವಿನ ಕೋಶಗಳು ತಾವಾಗಿ ಉದುರಿ ಜಾಗ ಬಿಡುತ್ತವೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ-53ರ ಜೀನ್ ಕೆಟ್ಟಿರುತ್ತದೆ. ಇನ್ನೊಂದು ಮಾತು. ನಮ್ಮ ಬಂಡೀಪುರ, ನಾಗರಹೊಳೆಯ ಆನೆಗಳನ್ನು ನೋಡಿ. ಅಷ್ಟು ದೊಡ್ಡ ಮೈ, ಅಷ್ಟು ಕೋಶ, ಅಷ್ಟು ವರ್ಷದ ಬಾಳು, ಲೆಕ್ಕದ ಪ್ರಕಾರ ಅವಕ್ಕೆ ನಮಗಿಂತ ಎಷ್ಟೋ ಹೆಚ್ಚು ಕ್ಯಾನ್ಸರ್ ಬರಬೇಕು. ಬರುವುದು ಕಡಿಮೆ. 2015ರಲ್ಲಿ ತಿಳಿದ ಸಂಗತಿ, ನಮ್ಮಲ್ಲಿ ಪಿ-53ರ ಜೀನಿನ ಒಂದೇ ಜೋಡಿಯಿದ್ದರೆ ಆನೆಯಲ್ಲಿ ಸುಮಾರು 20 ಜೋಡಿ ಇವೆ. ಆನೆಯ ಕೋಶದ ಡಿಎನ್ಎ ಮುರಿದರೆ ಆ ಕೋಶ ರಿಪೇರಿಗಿಂತ ಸಾವನ್ನೇ ಬೇಗ ಆರಿಸಿಕೊಳ್ಳುತ್ತದೆ.

ಆರ್‌ಬಿ ಎಂಬ ಕಾವಲುಗಾರನ ಕಥೆ ಮಕ್ಕಳ ಕಣ್ಣಿನಿಂದ ಶುರುವಾಗುತ್ತದೆ. ಎಳೆಯ ಮಕ್ಕಳಿಗೆ ಬರುವ ಒಂದು ಕಣ್ಣಿನ ಕ್ಯಾನ್ಸರ್ ಇದೆ, ರೆಟಿನೊಬ್ಲಾಸ್ಟೋಮಾ. ಮಗುವಿನ ಕಣ್ಣಿನ ಪಾಪೆ ಕಪ್ಪಾಗಿ ಕಾಣುವ ಬದಲು ಬೆಳಕು ಬಿದ್ದಾಗ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮೊದಲು ಗೊತ್ತಾಗುವುದೂ ಉಂಟು. ಕೇಳುತ್ತಿರುವ ತಾಯಂದಿರೇ, ಹೀಗೆ ಕಂಡರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಆ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬೇಗ ಗೊತ್ತಾದರೆ ಮಗು ಉಳಿಯುತ್ತದೆ, ಹೆಚ್ಚಿನ ವೇಳೆ ಕಣ್ಣೂ ಉಳಿಯುತ್ತದೆ.

ಅಮೆರಿಕದ ಆಲ್ಫ್ರೆಡ್ ನಡ್ಸನ್ ಎಂಬ ಮಕ್ಕಳ ವೈದ್ಯರು ಈ ರೋಗ ಬಂದ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು ಕೂತರು. ಕೆಲವು ಮಕ್ಕಳಿಗೆ ಎರಡೂ ಕಣ್ಣಿನಲ್ಲಿ, ತೀರಾ ಎಳೆಯ ವಯಸ್ಸಿನಲ್ಲೇ ರೋಗ ಬಂದಿತ್ತು. ಉಳಿದವರಿಗೆ ಒಂದೇ ಕಣ್ಣಿನಲ್ಲಿ, ಸ್ವಲ್ಪ ತಡವಾಗಿ. ವಯಸ್ಸಿನ ಲೆಕ್ಕ ಹಾಕಿ 1971ರಲ್ಲಿ ಅವರು ಒಂದು ಮಾತು ಹೇಳಿದರು: ಈ ರೋಗ ಬರಲು ಎರಡು ಪೆಟ್ಟು ಬೀಳಬೇಕು. ಪ್ರತಿ ಜೀನೂ ನಮ್ಮಲ್ಲಿ ಜೋಡಿಯಾಗಿರುತ್ತದೆ, ಅಪ್ಪನದೊಂದು ಅಮ್ಮನದೊಂದು. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಹುಟ್ಟುವಾಗಲೇ ಒಂದು ಕೆಟ್ಟಿರುವ ಮಗುವಿಗೆ ಇನ್ನೊಂದೇ ಪೆಟ್ಟು ಸಾಕು, ಅದಕ್ಕೇ ಬೇಗ, ಎರಡೂ ಕಣ್ಣಿಗೆ. ಉಳಿದವರಲ್ಲಿ ಒಂದೇ ಕೋಶಕ್ಕೆ ಎರಡೂ ಪೆಟ್ಟು ಬೀಳಬೇಕು, ಅದಕ್ಕೇ ಅಪರೂಪ. ಜೀನನ್ನು ಕಣ್ಣಿನಿಂದ ನೋಡದೆಯೇ, ಪೆನ್ನು ಕಾಗದದಿಂದ ಕಂಡ ಸತ್ಯ ಇದು. ಹದಿನೈದು ವರ್ಷದ ಮೇಲೆ, 1986ರಲ್ಲಿ, ಆ ಜೀನ್ ಕೈಗೆ ಸಿಕ್ಕಿತು, ನಡ್ಸನ್ ಹೇಳಿದ ಹಾಗೇ ಇತ್ತು. ಅದೇ ಆರ್‌ಬಿ. ಅದರ ಕೆಲಸ ಮೊದಲ ಗೇಟಿನಲ್ಲಿ ನಿಲ್ಲುವುದು, ಡಿಎನ್ಎ ನಕಲು ಶುರು ಮಾಡಿಸುವ ಜೀನ್‌ಗಳನ್ನು ಅದುಮಿಟ್ಟುಕೊಳ್ಳುವುದು. ದೊಡ್ಡವರ ಎಷ್ಟೋ ಬಗೆಯ ಕ್ಯಾನ್ಸರ್‌ಗಳಲ್ಲೂ ಇದೇ ಕಾವಲು ತಪ್ಪಿರುತ್ತದೆ.

ಕಾವಲು ತಪ್ಪುವುದು ಒಂದು ದಾರಿಯಾದರೆ, ಬೆಳೆ ಎಂಬ ಸಂದೇಶ ನಿಲ್ಲದೆ ಬರುವುದು ಇನ್ನೊಂದು. ರಾಸ್ ಎಂಬ ಜೀನಿನ ಪ್ರೊಟೀನು ಹೊರಗಿನಿಂದ ಸಂದೇಶ ಬಂದಾಗ ಎಚ್ಚರವಾಗಿ, ಅದನ್ನು ಒಳಗೆ ದಾಟಿಸಿ, ತಾನಾಗಿ ಸುಮ್ಮನಾಗಬೇಕು. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶವೊಂದರಲ್ಲಿ ಆ ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುವುದು ಕಂಡಿತು. ಅಷ್ಟಕ್ಕೇ ಆ ಪ್ರೊಟೀನಿಗೆ ಸುಮ್ಮನಾಗುವುದು ಮರೆತುಹೋಗಿತ್ತು. ಕನ್ನಡದಲ್ಲಿ ಸಾಕು ಎಂಬ ಮಾತಿನ ಮೊದಲ ಅಕ್ಷರವೊಂದು ಬದಲಾದರೆ ಬೇಕು ಆಗುತ್ತದೆ. ಅಷ್ಟೇ ನಡೆದಿತ್ತು ಅಲ್ಲಿ.

ಆದರೂ ಒಂದು ತಪ್ಪಿನಿಂದ ಕ್ಯಾನ್ಸರ್ ಬರುವುದಿಲ್ಲ. ಒಂದು ಕೋಶದಲ್ಲಿ ಒಂದು ತಪ್ಪಾಗಿ ಅದು ಸ್ವಲ್ಪ ಹೆಚ್ಚು ಒಡೆಯಬೇಕು, ಅದರ ಸಂತಾನದಲ್ಲೊಂದಕ್ಕೆ ಇನ್ನೊಂದು ತಪ್ಪಾಗಬೇಕು, ಕಾವಲುಗಾರ ಬೀಳಬೇಕು, ಸಾಯಬೇಕಾದಾಗ ಸಾಯದಿರಬೇಕು, ತನಗೆ ಬೇಕಾದ ರಕ್ತನಾಳವನ್ನು ಎಳೆದುಕೊಳ್ಳಬೇಕು, ಕೊನೆಗೆ ಇದ್ದ ಜಾಗ ಬಿಟ್ಟು ಬೇರೆ ಅಂಗಕ್ಕೆ ಹೋಗಿ ಬೇರು ಬಿಡಬೇಕು. ಹಲವು ಬಾಗಿಲು ಒಂದೊಂದಾಗಿ ತೆರೆದುಕೊಳ್ಳಲು ಬಹಳ ಕಾಲ ಹಿಡಿಯುತ್ತದೆ. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದು ಮುಖ್ಯವಾಗಿ ಇದಕ್ಕೇ. ಯಾವ ಜನ್ಮದ ಪಾಪವೂ ಇದಕ್ಕೆ ಕಾರಣವಲ್ಲ. ಒಬ್ಬರಿಂದ ಒಬ್ಬರಿಗೆ ಎಂಜಲಿನಿಂದ, ತಟ್ಟೆಯಿಂದ, ಹಾಸಿಗೆಯಿಂದ ಹರಡುವ ರೋಗವೂ ಅಲ್ಲ. ಹರಡುತ್ತದೆಂದು ಹೆದರಿ ರೋಗಿಯ ಲೋಟವನ್ನು ಬೇರೆ ಇಡುವ ಮನೆಗಳನ್ನು ನಾನು ನೋಡಿದ್ದೇನೆ. ನೋಡಿ ಸಂಕಟಪಟ್ಟಿದ್ದೇನೆ.

ಗರ್ಭಕಂಠದ ಕ್ಯಾನ್ಸರಿನಲ್ಲಿ ಹೊರಗಿನ ಒಂದು ಕೈವಾಡವೂ ಇದೆ. ಎಚ್‌ಪಿವಿ ಎಂಬ ವೈರಸ್ ಅದಕ್ಕೆ ಕಾರಣ ಎಂದು ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ತೋರಿಸಿಕೊಟ್ಟರು, 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ ವೈರಸ್ಸಿನ ಒಂದು ಪ್ರೊಟೀನು ಪಿ-53ನ್ನು ನಾಶ ಮಾಡಿಸುತ್ತದೆ, ಇನ್ನೊಂದು ಆರ್‌ಬಿಯನ್ನು ಕಟ್ಟಿಹಾಕುತ್ತದೆ. ನಾನು ಹೇಳಿದ ಇಬ್ಬರೂ ಕಾವಲುಗಾರರು ಏಕಕಾಲಕ್ಕೆ ಮಲಗಿದ ಹಾಗೆ. ಹೆಚ್ಚಿನ ಹೆಂಗಸರ ಮೈ ಒಂದೆರಡು ವರ್ಷದಲ್ಲಿ ಈ ವೈರಸ್ಸನ್ನು ತಾನೇ ಹೊರಹಾಕುತ್ತದೆ. ಉಳಿದುಕೊಂಡ ಕೆಲವರಲ್ಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು.

1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಐದು ಮಕ್ಕಳ ತಾಯಿ, 31ನೇ ವಯಸ್ಸಿನಲ್ಲಿ, ಈ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರ ಗಡ್ಡೆಯಿಂದ ಅವರ ಒಪ್ಪಿಗೆ ಕೇಳದೆಯೇ ತೆಗೆದ ಚೂರು ಪ್ರಯೋಗಾಲಯದ ಬಟ್ಟಲಿನಲ್ಲಿ ಬೆಳೆಯಿತು. ಮನುಷ್ಯರ ಸಾಮಾನ್ಯ ಕೋಶಗಳು ಬಟ್ಟಲಿನಲ್ಲಿ ಸುಮಾರು 50 ಸಲ ಒಡೆದು ನಿಂತುಬಿಡುತ್ತವೆ. ಇವು ನಿಲ್ಲಲಿಲ್ಲ. ಹೀಲಾ ಎಂಬ ಹೆಸರಿನಲ್ಲಿ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇವತ್ತಿಗೂ ಒಡೆಯುತ್ತಲೇ ಇವೆ. ಇವುಗಳಲ್ಲಿ ಆ ವೈರಸ್ಸಿನ ಜೀನ್‌ಗಳಿವೆ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೀಲಾ ಕೋಶದೊಳಗೆ ವೈರಸ್ಸಿನ ಆ ಎರಡು ಜೀನ್‌ಗಳ ಬಾಯಿ ಮುಚ್ಚಿಸಿದರು. ಏನಾಯಿತು ಗೊತ್ತೇ? ಪಿ-53 ಎದ್ದಿತು, ಆರ್‌ಬಿ ಎದ್ದಿತು. ಐವತ್ತು ವರ್ಷ ನಿಲ್ಲದೆ ಓಡಿದ ಕೋಶಗಳು ಕೆಲವೇ ದಿನದಲ್ಲಿ ನಿಂತು, ಮುಪ್ಪಾದವು. ಕಾವಲುಗಾರರು ಅಷ್ಟು ಕಾಲವೂ ಅಲ್ಲೇ ಇದ್ದರು. ಕೈಕಾಲು ಬಿಚ್ಚುವವರಿಗಾಗಿ ಕಾಯುತ್ತಿದ್ದರು.

ನಮ್ಮ ಕಡೆಯ ದೊಡ್ಡ ಸಂಕಟ ಬಾಯಿಯ ಕ್ಯಾನ್ಸರ್. ಎಲೆ ಅಡಿಕೆ ಹೊಗೆಸೊಪ್ಪಿನ ಕವಳ, ಈಗ ಗುಟ್ಕಾ ಚೀಟಿ. ಎಲೆ ಅಡಿಕೆ ನಮ್ಮಲ್ಲಿ ಮಂಗಳದ್ರವ್ಯ, ಮಲೆನಾಡಿನ ಎಷ್ಟೋ ಮನೆಗಳ ಅನ್ನ, ಅದು ನನಗೆ ಗೊತ್ತು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಸ್ಪಷ್ಟವಾಗಿ ಹೇಳಿದೆ, ಅದನ್ನು ಮುಚ್ಚಿಟ್ಟು ಮಾತಾಡಲು ನನ್ನಿಂದಾಗದು. ದವಡೆಯ ಸಂದಿಯಲ್ಲಿ ಕವಳ ಇಟ್ಟ ಜಾಗದ ಪದರ ದಿನವೂ ಸುಟ್ಟಂತಾಗುತ್ತದೆ, ಅದನ್ನು ತುಂಬಲು ಕೆಳಗಿನ ಕೋಶಗಳು ದಿನವೂ ಒಡೆಯಬೇಕು, ಒಡೆಯುವಾಗಲೇ ಹೊಗೆಸೊಪ್ಪಿನ ವಿಷ ಡಿಎನ್ಎಗೆ ಅಂಟುತ್ತದೆ. ಇಪ್ಪತ್ತು ವರ್ಷ ಹೀಗೆ ನಡೆದರೆ ಯಾವ ಕಾವಲು ನಿಂತೀತು?

ನನ್ನ ದೊಡ್ಡಮ್ಮನಿಗೆ ಕವಳವಿಲ್ಲದೆ ಬೆಳಗಾಗುತ್ತಿರಲಿಲ್ಲ. ಒಂದು ಹಬ್ಬದಲ್ಲಿ ಊರಿಗೆ ಹೋದಾಗ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ, ಒಂದೇ ಕಡೆ ದವಡೆಯಲ್ಲಿ ಅಗಿಯುತ್ತಿದ್ದುದನ್ನು ನೋಡಿದೆ. ಕೇಳಿದ್ದಕ್ಕೆ, "ಏನೂ ಇಲ್ಲ ಕಣೇ, ಹಲ್ಲು ತಾಗಿ ಸ್ವಲ್ಪ ಹುಣ್ಣಾಗಿದೆ" ಎಂದರು. ಬಾಯಿ ತೆರೆಸಿದರೆ ಎರಡು ಬೆರಳು ಹಿಡಿಯುವಷ್ಟೂ ತೆರೆಯಲಿಲ್ಲ. ಹುಣ್ಣು ಶುರುವಾಗಿ ಹತ್ತು ತಿಂಗಳಾಗಿತ್ತು. ನೋವಿಲ್ಲದ ಕಾರಣ ಯಾರಿಗೂ ಹೇಳಿರಲಿಲ್ಲ, ಆಮೇಲೆ ಹೆದರಿಕೆಯಿಂದ ಹೇಳಲಿಲ್ಲ. ನಾನು ಅಷ್ಟು ವರ್ಷ ಊರ ಮಕ್ಕಳಿಗೆ ಕೋಶದ ಪಾಠ ಹೇಳಿದವಳು, ನನ್ನ ಮನೆಯವರ ಬಾಯಿಯೊಳಗೆ ಒಂದು ಸಲ ಬ್ಯಾಟರಿ ಹಿಡಿದು ನೋಡಿರಲಿಲ್ಲ. ದೊಡ್ಡಮ್ಮ ಮುಂದಿನ ಹಬ್ಬಕ್ಕೆ ಇರಲಿಲ್ಲ.

ಚಿಕಿತ್ಸೆಯ ಬಗ್ಗೆ ಒಂದೆರಡು ಮಾತು. ನಮ್ಮ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ನೇರಳೆಗೆಂಪಿಗೂ ಬಿಳಿಗೂ ಹೂ ಬಿಡುವ ನಿತ್ಯಪುಷ್ಪ ಎಲ್ಲರಿಗೂ ಗೊತ್ತು. ಕೆಲವರು ಕಾಶಿ ಕಣಗಿಲೆ ಎನ್ನುತ್ತಾರೆ. ಜಮೈಕಾದ ಜನ ಸಕ್ಕರೆ ಕಾಯಿಲೆಗೆಂದು ಇದರ ಎಲೆ ಕುದಿಸಿ ಕುಡಿಯುತ್ತಿದ್ದರು. ಅಲ್ಲಿಂದ ಬಂದ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಅದರಿಂದ ವಿನ್‌ಬ್ಲಾಸ್ಟಿನ್ ಎಂಬ ಔಷಧ ಬಂತು, ಆಮೇಲೆ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್. ಒಡೆಯುವ ಕೋಶದ ಕದಿರಿನ ಎಳೆಗಳು ಕಟ್ಟದಂತೆ ಇವು ತಡೆಯುತ್ತವೆ, ವರ್ಣತಂತುಗಳು ನಡುವಲ್ಲೇ ನಿಲ್ಲುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತೂ ಕೊಡುವ ಔಷಧ ವಿನ್‌ಕ್ರಿಸ್ಟಿನ್. ಹಾಗೆಂದು ಎಲೆ ಕಿತ್ತು ಕಷಾಯ ಮಾಡಿ ಕುಡಿಯಬೇಡಿ, ಗಿಡ ವಿಷ. ಇಂಥ ಔಷಧಗಳು ಬೇಗ ಒಡೆಯುವ ಎಲ್ಲ ಕೋಶಕ್ಕೂ ತಾಗುತ್ತವೆ. ಕೂದಲಿನ ಬುಡ, ಬಾಯಿ, ಕರುಳಿನ ಪದರಗಳು ಬೇಗ ಒಡೆಯುವಂಥವು, ಅದಕ್ಕೇ ಕೂದಲು ಉದುರುವುದು, ವಾಂತಿ ಬಾಯಿಹುಣ್ಣು ಬರುವುದು. ಚಿಕಿತ್ಸೆ ಮುಗಿದ ಮೇಲೆ ಕೂದಲು ಬರುತ್ತದೆ. ಈಗ ಕೆಟ್ಟ ಪ್ರೊಟೀನೊಂದನ್ನೇ ಗುರಿಯಿಟ್ಟು ತಡೆಯುವ ಮಾತ್ರೆಗಳೂ ಬಂದಿವೆ, ಕೆಲವು ಬಗೆಯ ರಕ್ತದ ಕ್ಯಾನ್ಸರ್ ಬಂದವರು ದಿನಕ್ಕೊಂದು ಮಾತ್ರೆ ನುಂಗಿ ವರ್ಷಗಟ್ಟಲೆ ಕೆಲಸಕ್ಕೆ ಹೋಗುತ್ತಿದ್ದಾರೆ.

ಬಾಗಿಲುಗಳು ಒಂದೊಂದಾಗಿ ತೆರೆಯಲು ವರ್ಷಗಳು ಬೇಕು ಎಂದೆನಲ್ಲ, ಆ ವರ್ಷಗಳು ನಮ್ಮ ಕೈಯಲ್ಲಿವೆ. ಕನ್ನಡಿ ಮುಂದೆ ನಿಂತು ತಿಂಗಳಿಗೊಮ್ಮೆ ಬಾಯಿ ತೆರೆದು ನೋಡಿಕೊಳ್ಳಿ. ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಬಾಯಿಗೆ ಹಿಡಿಯಬೇಕು. ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೊಲೆಯಲ್ಲಿ ಗಂಟು, ಮುಟ್ಟು ನಿಂತ ಮೇಲೂ ಕಾಣುವ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಲ್ಲಿ ಯಾವುದಿದ್ದರೂ ನೋವಿಗಾಗಿ ಕಾಯಬೇಡಿ. ಶುರುವಿನಲ್ಲಿ ಇದು ಹೆಚ್ಚಾಗಿ ನೋಯುವುದೇ ಇಲ್ಲ. 30 ದಾಟಿದ ಹೆಂಗಸರು ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಿ, ಐದು ಹತ್ತು ನಿಮಿಷದ ಕೆಲಸ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ನಮ್ಮ ದೇಶದಲ್ಲೇ ತಯಾರಾದ ಲಸಿಕೆ 2023ರಿಂದ ಸಿಗುತ್ತಿದೆ.

ಊಟಕ್ಕೆ ಕೂತಾಗ ಒಂದೇ ಕಡೆ ಅಗಿಯುವ ಅಜ್ಜಿಯೋ ಅತ್ತೆಯೋ ನಿಮ್ಮ ಮನೆಯಲ್ಲಿದ್ದರೆ, "ಏನೂ ಇಲ್ಲ" ಎಂದರೆ ನಂಬಬೇಡಿ. ಈ ವಾರವೇ ನೀವೇ ಜೊತೆಗೆ ಹೋಗಿ ತೋರಿಸಿಕೊಂಡು ಬನ್ನಿ.